ವಿಡಿಯೋ ಮುಗ್ಗರಿಸದಿರಲಿ ಎಂದ ವೈದ್ಯರು

ಮೊನ್ನೆ ಅಟ್ಟ ಗುಡಿಸುವಾಗ ನನ್ನ ಹಳೇ ಪಿಸಿ ಸಿಕ್ಕಿತು. 2005ರಲ್ಲಿ ಅದಕ್ಕೆ ಲಿನಕ್ಸ್ ಹಾಕಿಕೊಂಡು ಸಿನಿಮಾ ನೋಡಲು ಪಟ್ಟ ಪಾಡು ನೆನಪಾಯಿತು. ಧ್ವನಿ ಮುಂದೆ ಓಡುತ್ತಿತ್ತು, ಚಿತ್ರ ಮಾತ್ರ ನಿಂತು ನಿಂತು ಬರುತ್ತಿತ್ತು. ಎಂಪ್ಲೇಯರ್ ಬೇರೆ, ನಿನ್ನ ಗಣಕ ತುಂಬಾ ನಿಧಾನ ಎಂದು ಬೈಯುತ್ತಿತ್ತು :)

ಕೆಲವು ಮದ್ದು ಸುಲಭದವು. ಹಾರ್ಡ್‌ಡಿಸ್ಕಿಗೆ ಡಿಎಂಎ ಚಾಲೂ ಮಾಡುವುದು ಒಂದು. ಬಣ್ಣ ಬದಲಿಸಿ ಚಿತ್ರ ಹಿಗ್ಗಿಸುವ ಕೆಲಸವನ್ನು ಎಕ್ಸ್‌ವಿ ಮೂಲಕ ವಿಡಿಯೋ ಕಾರ್ಡಿಗೆ ವಹಿಸುವುದು ಇನ್ನೊಂದು. ಎರಡೂ ಮಾಡಿದೆ. ಆದರೂ ಪಕ್ಕದಲ್ಲಿ ಏನಾದರೂ ಕಂಪೈಲ್ ಮಾಡಲು ಬಿಟ್ಟರೆ ಕಥೆ ಮುಗಿಯಿತು!

ಯಾಕೆ? ಸೆಕೆಂಡಿಗೆ 25 ಚಿತ್ರ ಅಂದರೆ 40 ಮಿಲಿಸೆಕೆಂಡಿಗೊಂದು ಚಿತ್ರ ಸಿದ್ಧವಾಗಬೇಕು. ಪ್ರೊಸೆಸರಿಗೆ ಶಕ್ತಿಯಿದ್ದರೂ ಪ್ಲೇಯರಿನ ಸರದಿ ತಡವಾದರೆ ಚಿತ್ರ ತಪ್ಪಿಹೋಗುತ್ತದೆ. ಸರದಿ ಹಂಚುವುದು ಕರ್ನಲ್ಲಿನ ಶೆಡ್ಯೂಲರ್. ಬಳಕೆದಾರ ಕಾಯುತ್ತಿರುವ ಕೆಲಸ ಯಾವುದು ಎಂದು ಆಗ ಅದು ಊಹಿಸುತ್ತಿತ್ತು; ಊಹೆ ಕೆಲವೊಮ್ಮೆ ತಪ್ಪುತ್ತಿತ್ತು.

ಇದರ ಹಿಂದೆ ಬಿದ್ದವರು ಕಾನ್ ಕೋಲಿವಾಸ್. ವೃತ್ತಿಯಿಂದ ಪ್ರೋಗ್ರಾಮರ್ ಅಲ್ಲ, ಆಸ್ಟ್ರೇಲಿಯಾದ ಅರಿವಳಿಕೆ ವೈದ್ಯರು! ಬಿಡುವಿನಲ್ಲಿ ಕರ್ನಲ್ ಕಲಿತು, 'ಸಿಕೆ' ಎಂಬ ಪ್ಯಾಚ್‌ಗಳನ್ನು ಹಂಚುತ್ತಿದ್ದರು. ರಾತ್ರಿಯಿಡೀ ಕಂಪೈಲ್ ಮಾಡಿ ನಾನೂ ಹಾಕಿಕೊಂಡೆ. ನನ್ನ ಪಿಸಿಯಲ್ಲಿ ವ್ಯತ್ಯಾಸ ಕಣ್ಣಿಗೇ ಕಾಣುವಂತಿತ್ತು.

2007ರಲ್ಲಿ ಅವರು ಇನ್ನೂ ಮುಂದೆ ಹೋದರು: ಊಹೆಯೇ ಬೇಡ, ಎಲ್ಲ ಕೆಲಸಕ್ಕೂ ನ್ಯಾಯವಾದ ಪಾಲು ಕೊಡಿ ಅಂದರು. ಅದೇ ಏಪ್ರಿಲ್‌ನಲ್ಲಿ ಕರ್ನಲ್ಲಿನ ಹಳೇ ಹುಲಿ ಇಂಗೋ ಮೊಲ್ನಾರ್, ಅದೇ ತತ್ವದ ಮೇಲೆ ಸಿಎಫ್ಎಸ್ ಎಂಬ ತಮ್ಮದೇ ಶೆಡ್ಯೂಲರ್ ಬರೆದರು. ದಾರಿ ತೋರಿಸಿದ್ದು ಕಾನ್ ಎಂದು ಅವರೇ ಒಪ್ಪಿಕೊಂಡರು. ಆದರೆ 2.6.23ಕ್ಕೆ ಸೇರಿದ್ದು ಸಿಎಫ್ಎಸ್. ಮುಂದೆ ನೋಡಿಕೊಳ್ಳಲು ಇಂಗೋ ಮೇಲೆ ಭರವಸೆ ಹೆಚ್ಚು ಎಂಬುದು ಲೈನಸ್ ಟೊರ್ವಾಲ್ಡ್ಸ್ ವಾದ. ಕಾನ್ ಆ ಜುಲೈಯಲ್ಲೇ ಕರ್ನಲ್ ಕೆಲಸ ಬಿಟ್ಟರು. ದೊಡ್ಡ ಸರ್ವರುಗಳ ಗದ್ದಲದಲ್ಲಿ ಮನೆಯ ಪಿಸಿಯನ್ನು ಕೇಳುವವರಿಲ್ಲ ಎಂಬ ನೋವು ಅವರದು. 2009ರಲ್ಲಿ ಬಿಎಫ್ಎಸ್ ಎಂಬ ಇನ್ನೊಂದು ಶೆಡ್ಯೂಲರ್ ಹಿಡಿದು ಮರಳಿ ಬಂದರೆನ್ನಿ. ಅದೂ ಮುಖ್ಯ ಕರ್ನಲ್ ಸೇರಲಿಲ್ಲ.

ಲೈನಸ್ ಮಾತೂ ತೆಗೆದುಹಾಕುವಂಥದ್ದಲ್ಲ. ಬರೆದ ಕೋಡನ್ನು ವರ್ಷಗಟ್ಟಲೆ ಸಾಕುವವರು ಬೇಕಲ್ಲ! ಸಿಎಫ್ಎಸ್ ಹದಿನಾರು ವರ್ಷ ದುಡಿದು, 2023ರಲ್ಲಿ 6.6 ಕರ್ನಲ್ಲಿನ ಇಇವಿಡಿಎಫ್‌ಗೆ ಜಾಗ ಬಿಟ್ಟಿತು. ಅದರಲ್ಲೂ ನ್ಯಾಯವಾದ ಪಾಲಿನ ತತ್ವ ಉಳಿದಿದೆ. ಆದರೆ ಮನೆಯಲ್ಲಿ ಕೂತು ಸಿನಿಮಾ ನೋಡುವವನ ತೊಂದರೆಯೂ ತೊಂದರೆಯೇ ಎಂದು ಹಠ ಹಿಡಿದವರ ಕೋಡ್ ಒಳಗೆ ಹೋಗಲಿಲ್ಲ. ಅವರ ಮಾತು ಹೋಯಿತು. ನನಗಂತೂ ಅವರ ಋಣವಿದೆ.

ನಿಮ್ಮಲ್ಲಿ ಯಾರಾದರೂ ಸಿಕೆ ಪ್ಯಾಚ್ ಹಾಕಿದ್ದಿರಾ?