ಒಂದು ನಾಣ್ಯ, ಎರಡು ಅಚ್ಚು
1906ರಲ್ಲಿ ನಾಸಿಕ್ ಬಳಿಯ ಜೋಗಲ್‌ಥೆಂಬಿಯಲ್ಲಿ ಕ್ಷತ್ರಪ ನಹಪಾನನ 13,000ಕ್ಕೂ ಹೆಚ್ಚು ಬೆಳ್ಳಿ ನಾಣ್ಯಗಳು ಸಿಕ್ಕವು. ಅವುಗಳಲ್ಲಿ 9,000ಕ್ಕೂ ಹೆಚ್ಚಿನವನ್ನು ಗೌತಮೀಪುತ್ರ ಶಾತಕರ್ಣಿ ಕರಗಿಸದೆ, ಅವುಗಳ ಮೇಲೆಯೇ ತನ್ನ ಅಚ್ಚು ಒತ್ತಿಸಿದ್ದ. ಸೋತವನ ಮುಖದ ಮೇಲೆ ಗೆದ್ದವನ ಗುಡ್ಡದ ಚಿಹ್ನೆ. ಅವನ ವಂಶದ ರಾಜಧಾನಿ ಪೈಠಣ ಇಂದು ಛತ್ರಪತಿ ಸಂಭಾಜಿನಗರ ಜಿಲ್ಲೆಯಲ್ಲಿದೆ. ನಾಸಿಕದ ಗುಹಾಶಾಸನದಲ್ಲಿ ತಾಯಿ ಬಲಶ್ರೀ, ಮಗ ಕ್ಷಹರಾತ ವಂಶವನ್ನು ನಿರ್ನಾಮ ಮಾಡಿದನೆಂದು ಬರೆಸಿದ್ದಾಳೆ. ತಾಯಿಯ ಹೊಗಳಿಕೆಯನ್ನು ಅರ್ಧ ನಂಬಬಹುದು, ನಾಣ್ಯದ ಮಾತು ಬೇರೆ.

ಆದರೆ ಅದನ್ನು ಓದುವುದೇ ಕಷ್ಟ. ಕ್ಯಾಮೆರಾದ ಫ್ಲ್ಯಾಶ್ ಬಿದ್ದರೆ ಬೆಳ್ಳಿ ಬರೀ ಬಿಳಿ ಹೊಳಪಾಗುತ್ತದೆ. ಸ್ಕ್ಯಾನರಿನ ದೀಪ ಓರೆಯಾಗಿ ಬೀಳುವುದರಿಂದ ಅಕ್ಷರದ ಪಕ್ಕ ನೆರಳು ಮೂಡುತ್ತದೆ. ನಾಣ್ಯವನ್ನು ತಿರುಗಿಸಿಟ್ಟು ಮತ್ತೆ ಸ್ಕ್ಯಾನ್ ಮಾಡಿದರೆ ಮೊದಲು ಕಾಣದ ಗೆರೆ ಕಾಣುತ್ತದೆ. ಹಳೆಯ ದಪ್ಪ ಸಿಸಿಡಿ ಸ್ಕ್ಯಾನರೇ ಇದಕ್ಕೆ ಸರಿ. ತೆಳ್ಳನೆಯ ಸಿಐಎಸ್‌ನಲ್ಲಿ ಗಾಜಿಗೆ ತಾಗದ ಭಾಗವೆಲ್ಲ ಮಸುಕು. ಒತ್ತಿದ ಗುಡ್ಡದ ಅಂಚಿನಲ್ಲಿ ಆಗ ನಹಪಾನನ ಗ್ರೀಕ್, ಬ್ರಾಹ್ಮಿ, ಖರೋಷ್ಠಿ ಅಕ್ಷರಗಳ ಚೂರುಗಳು ಎದ್ದು ಬರುತ್ತವೆ.