ಕೈ ದಾಟಿದ ದುರ್ಬೀನು

ಬಳಸಿದ ಸಾಮಾನು ಕೊಳ್ಳುವುದೆಂದರೆ ನಮ್ಮ ಹೆಣ್ಣುಮಕ್ಕಳಿಗೆ ಎರಡು ಮನಸ್ಸು. ಹಳೆಯ ತಾಮ್ರದ ಹಂಡೆ ಕಂಡರೆ ಕಣ್ಣರಳಿಸುತ್ತೇವೆ. ಮತ್ತೊಬ್ಬರು ಉಟ್ಟ ಸೀರೆ ಎಂದರೆ ಹಿಂದೆ ಸರಿಯುತ್ತೇವೆ. ಬಂಗಾರದ ಮಾತೇ ಬೇರೆ. ಮಜೂರಿ ಹೋದರೂ ಬಂಗಾರ ಉಳಿಯುತ್ತದೆ ಎಂಬುದು ಸರಾಫರ ಅಂಗಡಿಯ ಮೆಟ್ಟಿಲು ಹತ್ತಿದವರಿಗೆಲ್ಲ ಗೊತ್ತು. ಹಕ್ಕಿ ನೋಡುವ ದೊಡ್ಡ ದುರ್ಬೀನು ಕೂಡ ಈ ಬಂಗಾರದ ಜಾತಿಯದೇ ಎಂದು ನನಗೆ ತಿಳಿದದ್ದು ನೌಕರಿಯಿಂದ ನಿವೃತ್ತಳಾದ ಮೇಲೆ.

ಇದು ಎರಡು ಕಣ್ಣಿಗೂ ಹಿಡಿಯುವ ಬೈನಾಕ್ಯುಲರ್ ಅಲ್ಲ. ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಕೂಡಿಸಿ ಒಂದೇ ಕಣ್ಣಿಟ್ಟು ನೋಡುವ ಕೊಳವೆ. ಹಕ್ಕಿಯ ಹುಚ್ಚಿನವರು ಸ್ಪಾಟಿಂಗ್ ಸ್ಕೋಪ್ ಎನ್ನುತ್ತಾರೆ. ಬೈನಾಕ್ಯುಲರ್ ಎಂಟು-ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸಿದರೆ ಇದು 20ರಿಂದ 60 ಪಟ್ಟು ತೋರಿಸುತ್ತದೆ. ಆಸ್ಟ್ರಿಯಾದ ಸ್ವರೋವ್ಸ್ಕಿ, ಜರ್ಮನಿಯ ಝೈಸ್, ಜಪಾನಿನ ಕೋವಾ ಕಂಪನಿಗಳ ಮೇಲ್ದರ್ಜೆಯ ಸ್ಕೋಪು ಹೊಸದು ಬೇಕೆಂದರೆ ಲಕ್ಷಗಳ ಮಾತು. ಪಿಂಚಣಿಯ ಟೀಚರಿಗೆ ಅದು ಅಂಗಡಿಯ ಗಾಜಿನಾಚೆಯ ವಸ್ತು. ಕೈಗೆ ಬರಬೇಕಾದರೆ ಯಾರದೋ ಕೈ ದಾಟಿಯೇ ಬರಬೇಕು.

ಅದರಲ್ಲಿ ನಾಚಿಕೆಪಡುವಂಥದೇನೂ ಇಲ್ಲ ಎಂದು ಇತಿಹಾಸವೇ ಹೇಳುತ್ತದೆ. ನಮ್ಮ ಬೆಳಗಾವಿಯಿಂದಲೇ ಶುರುಮಾಡೋಣ. ಈ ಸೀಮೆಯ ಹಕ್ಕಿಗಳ ಲೆಕ್ಕವನ್ನು ಕಾಗದಕ್ಕಿಳಿಸಿದ ಮೊದಲಿಗರಲ್ಲಿ ಕ್ಯಾಂಪಿನ ಸೇನಾಧಿಕಾರಿಯೊಬ್ಬರಿದ್ದರು. 1880ರ ಆಸುಪಾಸಿನಲ್ಲಿ ಇಲ್ಲಿದ್ದ 83ನೆಯ ರೆಜಿಮೆಂಟಿನ ಎಡ್ವರ್ಡ್ ಆರ್ಥರ್ ಬಟ್ಲರ್ ಅವರು 1881ರಲ್ಲಿ ‘ಸ್ಟ್ರೇ ಫೆದರ್ಸ್’ ಎಂಬ ಪತ್ರಿಕೆಯಲ್ಲಿ ದಖ್ಖನ್ ಮತ್ತು ದಕ್ಷಿಣ ಮರಾಠಾ ಸೀಮೆಯ ಹಕ್ಕಿಗಳ ಪಟ್ಟಿ ಪ್ರಕಟಿಸಿದರು. ಆ ಪತ್ರಿಕೆ ನಡೆಸುತ್ತಿದ್ದವರು ಎ. ಒ. ಹ್ಯೂಮ್. ಹೌದು, 1885ರಲ್ಲಿ ಕಾಂಗ್ರೆಸ್ ಕಟ್ಟಿದ ಅದೇ ಹ್ಯೂಮ್! 1924ರ ಡಿಸೆಂಬರಿನಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಆ ಕಾಂಗ್ರೆಸ್ಸಿನ ಅಧಿವೇಶನ ನಮ್ಮೂರಲ್ಲಿ ನಡೆಯಿತು. ಟಿಳಕವಾಡಿಯ ಕಾಂಗ್ರೆಸ್ ಬಾವಿಯ ಮುಂದೆ ದಿನವೂ ಓಡಾಡುವ ನಮಗೆ, ಸಂಸ್ಥೆ ಕಟ್ಟಿದಾತ ನಮ್ಮೂರ ಹಕ್ಕಿಗಳ ಪಟ್ಟಿಯನ್ನೂ ಅಚ್ಚು ಹಾಕಿಸಿದ್ದ ಎಂಬುದನ್ನು ಯಾರೂ ಹೇಳಿರಲಿಲ್ಲ.

ಆದರೆ ಆ ಕಾಲದ ಹಕ್ಕಿ ಪಟ್ಟಿಗಳ ಹಿಂದೆ ಇದ್ದದ್ದು ಬಂದೂಕು. ದೂರದ ಹಕ್ಕಿಯನ್ನು ಕೂತಲ್ಲಿಯೇ ಖಚಿತವಾಗಿ ಗುರುತಿಸಲು ಹಗುರಾದ, ಒಳ್ಳೆಯ ಮಸೂರ ಆಗ ಸುಲಭವಾಗಿ ಸಿಗುತ್ತಿರಲಿಲ್ಲ. ಝೈಸ್ ಕಂಪನಿ ಪ್ರಿಸ್ಮ್ ಇರುವ ಬೈನಾಕ್ಯುಲರ್ ಮಾರಾಟಕ್ಕೆ ತಂದದ್ದು 1894ರಲ್ಲಿ. ಅದಕ್ಕೆ ಮೊದಲು ಹೆಸರು ತಿಳಿಯಬೇಕೆಂದರೆ ಹಕ್ಕಿ ಕೈಗೆ ಬೀಳಬೇಕಿತ್ತು. ಹ್ಯೂಮ್ 1885ರಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿಗೆ ಕೊಟ್ಟ ಹಕ್ಕಿಯ ಚರ್ಮ, ಮೊಟ್ಟೆಗಳ ಸಂಗ್ರಹ ಸುಮಾರು 80 ಸಾವಿರ. ಅದೇ ಸುಮಾರಿಗೆ ಶಿಮ್ಲಾದ ಮನೆಯಲ್ಲಿ ಅವರು ವರ್ಷಗಟ್ಟಲೆ ಬರೆದಿಟ್ಟ ಹಸ್ತಪ್ರತಿಗಳನ್ನು ಸೇವಕನೊಬ್ಬ ಬಜಾರದಲ್ಲಿ ರದ್ದಿಯಾಗಿ ಮಾರಿಬಿಟ್ಟ. ಮಾರಿದವನಿಗೆ ಅದು ಬರೀ ಕಾಗದದ ತೂಕ. ಈ ಸಂಗತಿ ಓದಿದ ದಿನ ನನಗೆ ಊಟ ಸೇರಲಿಲ್ಲ.

ಇನ್ನೊಂದು ಮಾರಾಟದ ಕಥೆ ಇದಕ್ಕೆ ತಿರುವುಮುರುವು. ಬ್ರಿಟಿಷ್ ಸೈನ್ಯದ ಬೇಹಿನವರೂ ಗುರಿಕಾರರೂ ಬಳಸುತ್ತಿದ್ದ, ತೊಗಲು ಸುತ್ತಿದ, ಎಳೆದರೆ ಉದ್ದವಾಗುವ ಹಿತ್ತಾಳೆಯ ದುರ್ಬೀನುಗಳು ಎರಡನೆಯ ಮಹಾಯುದ್ಧ ಮುಗಿದ ಮೇಲೆ ಹೆಚ್ಚುವರಿ ಸಾಮಾನಾಗಿ ಅಗ್ಗದಲ್ಲಿ ಪೇಟೆಗೆ ಬಂದವು. ಇಂಗ್ಲೆಂಡಿನ ಸಾಧಾರಣ ಜನ ಅವನ್ನು ಕೊಂಡು ಕಡಲ ದಂಡೆಗಳಲ್ಲಿ ಹಕ್ಕಿ ನೋಡಿದರು. ಶತ್ರುವನ್ನು ಹುಡುಕಲು ಮಾಡಿದ ಮಸೂರ ಕೊಕ್ಕರೆಯನ್ನು ಹುಡುಕಿತು. ದೊರೆಗಳ ಹವ್ಯಾಸ ಸಂಬಳದವರ ಹವ್ಯಾಸವಾದದ್ದರಲ್ಲಿ ಈ ಬಳಸಿದ ದುರ್ಬೀನುಗಳ ಪಾಲೂ ಉಂಟು.

ನನ್ನದು ಸಿಕ್ಕದ್ದು ಬೆಂಗಳೂರಿನ ವೃದ್ಧ ವೈದ್ಯರೊಬ್ಬರಿಂದ, ಹೊಸದರ ಅರ್ಧ ಬೆಲೆಗೆ. ಅವರೇ ಪರೀಕ್ಷೆ ಮಾಡುವುದನ್ನು ಕಲಿಸಿದರು. ಮೊದಲು ದೊಡ್ಡ ಮಸೂರದ ಕಡೆಯಿಂದ ಬ್ಯಾಟರಿ ಬಿಟ್ಟು ಒಳಗೆ ನೋಡಬೇಕು. ಜೇಡರ ಬಲೆಯಂಥ ಎಳೆ ಕಂಡರೆ ಅದು ಬೂಷ್ಟು. ಎಷ್ಟೇ ಅಗ್ಗವಾದರೂ ಬೇಡ. ಆಮೇಲೆ ಫೋಕಸ್ ತಿರುಗಿಸಿದರೆ ಬೆಣ್ಣೆಯಂತೆ ತಿರುಗಬೇಕು, ಮರಳು ಸಿಕ್ಕಿದಂತೆ ಕರಕರ ಎನ್ನಬಾರದು. ಕೊನೆಗೆ 60 ಪಟ್ಟಿಗೇರಿಸಿ, ಬಿಳಿ ಆಕಾಶದ ಎದುರು ಕೂತ ಕಾಗೆಯನ್ನು ನೋಡಬೇಕು. ಕಾಗೆಯ ಅಂಚಿಗೆ ನೇರಳೆ ಬಣ್ಣದ ಗೆರೆ ದಟ್ಟವಾಗಿ ಕಂಡರೆ ಮಸೂರ ಮೇಲ್ದರ್ಜೆಯದಲ್ಲ. ಹೊರಗಿನ ಗೀರುಗಳಿಗೆ ಹೆದರಬೇಕಿಲ್ಲ. ಅವು ಬರೀ ಮಜೂರಿ, ಬಂಗಾರ ಒಳಗಿದೆ.

ಅದನ್ನು ಹೊತ್ತು ಎಂಟು ವರ್ಷ ಖಾನಾಪುರದ ಕಡೆ ಓಡಾಡಿದೆ. ಮಳೆಗಾಲದಲ್ಲಿ ಕಣಕುಂಬಿ, ಜಾಂಬೋಟಿಯ ಕಡೆ ಮುಗಿಲೇ ನೆಲಕ್ಕಿಳಿದಿರುತ್ತದೆ. ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಟ್ಟು ಕೂಸಿನಂತೆ ಕಾಪಾಡಿದೆ. 2011ರಲ್ಲಿ ವನ್ಯಧಾಮವಾದ ಭೀಮಗಡದ ಅಂಚಿನ ಹಳ್ಳಿಯೊಂದರಲ್ಲಿ, ಬೇಸಿಗೆಯ ಬೆಳಗು, ಮಂಗಟ್ಟೆಯ ಗೂಡಿಗೆ ಸ್ಕೋಪು ಹೂಡಿದ್ದೆ. ಹೆಣ್ಣು ಮಂಗಟ್ಟೆ ಮರದ ಪೊಟರೆಯೊಳಗೆ ಸೇರಿ, ಬಾಗಿಲು ಮೆತ್ತಿಕೊಂಡು, ಕೊಕ್ಕು ತೂರುವಷ್ಟು ಸಂದಿ ಮಾತ್ರ ಬಿಟ್ಟಿರುತ್ತದೆ. ತಿಂಗಳುಗಟ್ಟಲೆ ಗಂಡೇ ಹಣ್ಣು ತಂದು ಕೊಡಬೇಕು. ನಾವು ಹತ್ತಿರ ಹೋದರೆ ಗಂಡು ಬೆದರುತ್ತದೆ, ಒಳಗಿನ ಜೀವಗಳಿಗೆ ಉಪವಾಸ. ದೂರ ನಿಲ್ಲಲು ಅನುವು ಮಾಡಿಕೊಡುವುದೇ ಈ ಮಸೂರದ ನಿಜವಾದ ಉಪಕಾರ.

ಸೌದೆ ಹೊತ್ತು ಬಂದ ಹೆಣ್ಣುಮಗಳೊಬ್ಬಳು ನಿಂತು, “ಇದರಾಗ ಏನ್ ಕಾಣ್ತೈತ್ರಿ ಬಾಯಾರ?” ಎಂದಳು. ನೋಡು ಎಂದೆ. ಆ ಮರ ಅವಳಿಗೆ ಹುಟ್ಟಿದಾಗಿನಿಂದ ಗೊತ್ತು. ಸಂದಿಯಿಂದ ಹೊರಬಂದ ಕೊಕ್ಕಿನ ತುದಿಯನ್ನು ಕಂಡದ್ದು ಅಂದೇ. “ಅಯ್ಯ ನನ್ನವ್ವಾ, ಬಾಣಂತಿ ಕೋಲಿ!” ಎಂದು ಬಾಯಿಗೆ ಸೆರಗು ಹಿಡಿದಳು. ಬಟ್ಲರರ ಕಾಲದಲ್ಲಿ ಇಷ್ಟು ಸಮೀಪದಿಂದ ಕಾಣಬೇಕಾದರೆ ಆ ಬಾಣಂತಿ ಸಾಯಬೇಕಾಗುತ್ತಿತ್ತು.

ಈಗ ನನ್ನ ಮೊಣಕಾಲು ಏರು ಹತ್ತಲು ಒಪ್ಪುವುದಿಲ್ಲ. ಮಾರುತ್ತೇನೆಂದಾಗ ಇಬ್ಬರು ಬಂದರು. ಒಬ್ಬರು ದೂರದ ನಗರದವರು, ಹೊಸ ಬಂಗಲೆಯ ಮಾಳಿಗೆಯ ಮೇಲೆ ನಿಲ್ಲಿಸಿದರೆ ಚೆಂದ ಕಾಣುತ್ತದೆ ಎಂದರು; ಕೇಳಿದ ಬೆಲೆ ಆ ಕ್ಷಣವೇ ಕೊಡುವವರು. ಇನ್ನೊಬ್ಬಳು ಖಾನಾಪುರ ತಾಲೂಕಿನ ಶಾಲೆಯ ಟೀಚರು. 20 ಸಾವಿರ ಕಡಿಮೆ, ಅದೂ ಕಂತಿನಲ್ಲಿ. ಮೊಣಕಾಲಿನ ಚಿಕಿತ್ಸೆಗೆ ನನಗೂ ಹಣ ಬೇಕಿತ್ತು. ಎರಡು ರಾತ್ರಿ ಲೆಕ್ಕ ಹಾಕಿದೆ. ಲೆಕ್ಕದಲ್ಲಿ ಮೊದಲನೆಯವರೇ ಗೆದ್ದರು. ಆದರೆ ಶಿಮ್ಲಾದ ರದ್ದಿ ನೆನಪಾಗುತ್ತಲೇ ಇತ್ತು.

ಟೀಚರನ್ನು ಕರೆಸಿ, ಅವಳ ಕೈಗೇ ಬ್ಯಾಟರಿ ಕೊಟ್ಟು ಒಳಗೆ ನೋಡಿಸಿದೆ. ಹುಡ್ ಮೇಲಿನ ಗೀರು, ಸ್ವಲ್ಪ ಸಡಿಲಾದ ಕಾಲರ್ ಎಲ್ಲ ತೋರಿಸಿದೆ. ಒಂದು ಹಾಳೆಯ ಮೇಲೆ ಸ್ಕೋಪಿನ ನಂಬರು, ವೈದ್ಯರು ಕೊಂಡ ವರ್ಷ, ನಾನು ಕೊಂಡ ವರ್ಷ, ಅವಳು ಕೊಂಡ ದಿನ ಬರೆದು ಸಹಿ ಮಾಡಿದೆ. ಕೆಳಗೆ ಇನ್ನೊಂದು ಹೆಸರಿಗೆ ಜಾಗ ಬಿಟ್ಟಿದ್ದೇನೆ. ಕಂತು ಮೂರು ಬಂದಿವೆ. ಅವಳ ಶಾಲೆಯ ಹುಡುಗಿಯರು ಸರತಿಯಲ್ಲಿ ನಿಂತು ನೋಡುತ್ತಾರಂತೆ. ಗಿಡ್ಡ ಮಕ್ಕಳಿಗೆಂದು ಒಂದು ಸ್ಟೂಲು ಇಟ್ಟಿದ್ದಾಳಂತೆ.