ಭಯ ಇಳಿಸುವ ಕ್ರಿಯಾಪದ

ಆಫೀಸಿನಲ್ಲಿ ಲೇಆಫ್ ಸುದ್ದಿ ಹಬ್ಬಿದ ವಾರವೇ ಟೌನ್‌ಹಾಲ್ ಮೀಟಿಂಗಿಗೆ ಕರೆ ಬಂತು. ನಿಮ್ಮೆಲ್ಲರ ಆತಂಕಗಳನ್ನು 'ಅಲೇ' ಮಾಡುವುದೇ ಉದ್ದೇಶ ಅಂತ ಮೇಲ್‌ನಲ್ಲಿತ್ತು. ಪಕ್ಕದ ಸೀಟಿನ ಗೆಳೆಯ ಬಗ್ಗಿ ಕೇಳಿದ, "ಏನೋ ಇದು ಅಲೇ? ಸಮುದ್ರದ ಅಲೆನಾ?" ನಗು ಬಂತು. ಮನೆಗೆ ಬಂದು ನಿಘಂಟು ತೆಗೆದೆ.

ಪದ ಬಹಳ ಹಳೆಯದು. ಹಳೆಯ ಇಂಗ್ಲಿಷಿನ 'ಆಲೆಜ್ಜನ್' ಇದರ ಮೂಲ. ಅಂದರೆ ಕೆಳಗಿಡು, ಬದಿಗಿಡು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚ್ ಪದಗಳು ರಾಶಿ ರಾಶಿಯಾಗಿ ಬಂದವು. ಅವುಗಳಲ್ಲಿ 'ಹಗುರ ಮಾಡು' ಎಂಬರ್ಥದ 'ಅಲೆಜಿಯೆರ್' ಕೂಡ ಒಂದು. ಅದರ ಹಿಂದಿರುವುದು ಲ್ಯಾಟಿನ್ನಿನ 'ಲೆವಿಸ್'. ನಾವು ದಿನಾ ಬಳಸುವ 'ಲಘು'ವಿಗೆ ದೂರದ ದಾಯಾದಿ. ಎರಡು ಪದಗಳೂ ಕಿವಿಗೆ ಒಂದೇ ಥರ ಕೇಳಿಸಿದ್ದರಿಂದ ಜನ ಕಲಸಿಬಿಟ್ಟರು. ಹಾಗಾಗಿ ಇವತ್ತಿನ 'ಅಲೇ'ಯಲ್ಲಿ ಹೊರೆ ಇಳಿಸುವುದೂ ಇದೆ, ಹಗುರ ಮಾಡುವುದೂ ಇದೆ.

ಬಳಕೆಯಲ್ಲೊಂದು ಸೂಕ್ಷ್ಮವಿದೆ. ಭಯವನ್ನು, ಅನುಮಾನವನ್ನು ಅಲೇ ಮಾಡಬಹುದು, ಮನುಷ್ಯರನ್ನು ಮಾಡೋಕಾಗಲ್ಲ. ಅವರಿಗೆ 'ರೀಅಶ್ಯೂರ್' ಅನ್ನುವ ಬೇರೆ ಪದವಿದೆ. ಇನ್ನೊಂದು, ಅಲೇ ಆದ ಭಯ ಪೂರ್ತಿ ಹೋಗಿರಲೇಬೇಕು ಅಂತಿಲ್ಲ. ಜ್ವರ ಇಳಿದ ಹಾಗೆ ಇಳಿದಿದ್ದರೂ ಸಾಕು.

ಗೆಳೆಯನ ತಮಾಷೆಯಲ್ಲಿ ಸತ್ಯವೂ ಇತ್ತು. ಶೇಕ್ಸ್‌ಪಿಯರನ 'ದಿ ಟೆಂಪೆಸ್ಟ್' 1611ರಲ್ಲಿ ಇಂಗ್ಲೆಂಡಿನ ಆಸ್ಥಾನದಲ್ಲಿ ಪ್ರದರ್ಶನ ಕಂಡ ನಾಟಕ. ಅದರಲ್ಲಿ ಹಡಗು ಮುಳುಗುವುದನ್ನು ಕಂಡು ಕಂಗಾಲಾದ ಮಿರಾಂಡಾ ಅಪ್ಪ ಪ್ರಾಸ್ಪೆರೋನನ್ನು ಬೇಡಿಕೊಳ್ಳುತ್ತಾಳೆ: ಇದು ನಿನ್ನ ವಿದ್ಯೆಯ ಕೆಲಸವಾದರೆ ಈ ನೀರಿನ ಅಬ್ಬರ ಅಡಗಿಸು. ಅಲ್ಲಿ ಆಕೆ ಬಳಸುವುದು ಇದೇ 'ಅಲೇ'. ಬಿರುಗಾಳಿ ಎಬ್ಬಿಸಿದವನೇ ಅದನ್ನು ತಣಿಸಬೇಕು! ಆದರೆ ಪ್ರಾಸ್ಪೆರೋ ಬರೀ ಹೆದರಬೇಡ ಅಂದು ಸುಮ್ಮನಾಗಲ್ಲ. ಯಾರಿಗೂ ಏನೂ ಆಗಿಲ್ಲ ಎಂದು ವಿವರಿಸುತ್ತಾನೆ. ಹನ್ನೆರಡು ವರ್ಷ ಮುಚ್ಚಿಟ್ಟಿದ್ದ ತಮ್ಮ ಕಥೆಯನ್ನು ಮಗಳನ್ನು ಕೂರಿಸಿಕೊಂಡು ಹೇಳುತ್ತಾನೆ.

ನಮ್ಮ ಟೌನ್‌ಹಾಲ್ ಮುಕ್ಕಾಲು ಗಂಟೆ ನಡೆಯಿತು. ನಾವೆಲ್ಲ ಒಂದು ಕುಟುಂಬ ಅಂದರು. ಎಷ್ಟು ಜನ, ಯಾವಾಗ ಅಂತ ಯಾರೋ ಕೇಳಿದರು, ಉತ್ತರ ಬರಲಿಲ್ಲ. 'ಲೇಆಫ್' ಮತ್ತು 'ಅಲೇ' ಎರಡರಲ್ಲೂ ಇರುವುದು ಒಂದೇ 'ಲೇ', ಇಡು ಅನ್ನುವ ಕ್ರಿಯಾಪದ. ಒಂದು ಮನುಷ್ಯನನ್ನು ಬದಿಗಿಡುತ್ತದೆ, ಇನ್ನೊಂದು ಅವನ ಭಯವನ್ನು.

ನಮ್ಮ 'ಸಮಾಧಾನ'ದ ಒಳಗೂ 'ಇಡು' ಎಂಬರ್ಥದ ಸಂಸ್ಕೃತ ಧಾತು 'ಧಾ' ಇದೆ. ಚೆದುರಿದ್ದನ್ನು ಒಟ್ಟಿಗೆ ಇಡುವುದು. ಆ ಸಂಜೆ ಗೆಳೆಯನೂ ನಾನೂ ಕಾಫಿ ಕುಡಿಯುತ್ತಾ ಇಎಂಐ, ಬಾಡಿಗೆ, ಉಳಿತಾಯ ಎಲ್ಲ ಲೆಕ್ಕ ಹಾಕಿದೆವು. ನಾಲ್ಕು ತಿಂಗಳು ಹೇಗೋ ತಳ್ಳಬಹುದು ಅನ್ನಿಸಿತು. ಭಯ ಹೋಗಲಿಲ್ಲ, ಸ್ವಲ್ಪ ಇಳಿಯಿತು.